ಮಾತ್ರೆ ನುಂಗಿದ ಮೇಲೆ ಕೈ ನಡುಗಿದ್ದು: ಒಂದು ಬೇರು, ಕೆಲವು ಮೊಲಗಳು, ಎಪ್ಪತ್ತು ವರ್ಷದ ಕಥೆ



ಇವತ್ತಿನ ವಿಷಯ ನಡುಕ. ಚಳಿಗೆ ನಡುಗೋದು, ಭಯಕ್ಕೆ ನಡುಗೋದು ಎಲ್ಲರಿಗೂ ಗೊತ್ತು. ಆದರೆ ಕಾಯಿಲೆ ವಾಸಿಯಾಗಲಿ ಅಂತ ತಗೊಂಡ ಮಾತ್ರೆಯಿಂದಲೇ ಕೈ ನಡುಗೋಕೆ ಶುರುವಾದ್ರೆ? ಮದುವೆ ಮನೇಲಿ ಕಾಫಿ ಲೋಟ ಹಿಡಿದ್ರೆ ತುಳುಕುತ್ತೆ. ಬ್ಯಾಂಕಲ್ಲಿ ಸಹಿ ಮ್ಯಾಚ್ ಆಗಲ್ಲ. ಪಕ್ಕದಲ್ಲಿರೋರು "ಏನ್ ಗುರೂ, ರಾತ್ರಿ ಜಾಸ್ತಿ ಆಯ್ತಾ?" ಅಂತ ನಗ್ತಾರೆ. ನಾಚಿಕೆಯಾಗಿ ಎಷ್ಟೋ ಜನ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಡ್ತಾರೆ. ನಡುಕ ಹೋಗುತ್ತೆ, ಮೂಲ ಕಾಯಿಲೆ ವಾಪಸ್ ಬರುತ್ತೆ, ಕೆಲವೊಮ್ಮೆ ಮೊದಲಿಗಿಂತ ಜೋರಾಗಿ. ಈ ನಡುಕವನ್ನ ವೈದ್ಯರು ಮೊದಲು ಕಂಡಾಗ ಏನಂದುಕೊಂಡ್ರು, ಎಷ್ಟು ವರ್ಷ ತಪ್ಪಾಗಿ ಅರ್ಥ ಮಾಡ್ಕೊಂಡ್ರು, ಅದನ್ನ ಹಿಡಿತಕ್ಕೆ ತರೋದನ್ನ ಹೇಗೆ ಕಲಿತ್ರು ಅನ್ನೋದು ಇವತ್ತಿನ ಕಥೆ. ಅದರಲ್ಲಿ ನಮ್ಮ ಕಾಡಿನ ಒಂದು ಬೇರಿಗೂ ದೊಡ್ಡ ಪಾತ್ರ ಇದೆ.

ಇಸವಿ 1954. ಸ್ವಿಟ್ಜರ್‌ಲೆಂಡಿನ ಲೋಸಾನ್ ನಗರದ ಮಾನಸಿಕ ಆಸ್ಪತ್ರೆಯಲ್ಲಿ ಹಾನ್ಸ್ ಸ್ಟೆಕ್ ಅನ್ನೋ ವೈದ್ಯರು ತಮ್ಮ ರೋಗಿಗಳನ್ನ ಗಮನಿಸ್ತಿದ್ರು. ಅವರಿಗೆಲ್ಲ ಹೊಸದಾಗಿ ಬಂದಿದ್ದ ಎರಡು ಔಷಧಿಗಳಲ್ಲಿ ಒಂದನ್ನ ಕೊಡಲಾಗ್ತಿತ್ತು. ರೋಗಿಗಳು ಶಾಂತವಾಗಿದ್ರು ನಿಜ. ಆದರೆ ಕೆಲವರ ಮುಖ ಮರದ ಗೊಂಬೆ ಥರ ಆಗಿತ್ತು. ನಡಿಗೆ ಸಣ್ಣ ಸಣ್ಣ ಹೆಜ್ಜೆ. ನಡೆಯುವಾಗ ಕೈ ಬೀಸ್ತಿರಲಿಲ್ಲ. ಸುಮ್ಮನೆ ಕೂತಿದ್ದಾಗಲೂ ಬೆರಳು ನಡುಗ್ತಿತ್ತು. ನಮ್ಮಲ್ಲಿ ಕಂಪವಾತ ಅಂತೀವಲ್ಲ, ಆ ಪಾರ್ಕಿನ್ಸನ್ ಕಾಯಿಲೆಯವರ ಹಾಗೇ.

ಆ ಕಾಲದ ಹಿರಿಯ ವೈದ್ಯರಿಗೆ ಈ ಚಿತ್ರ ಹೊಸದೇನಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ನಿದ್ದೆ ರೋಗ ಅಂತ ಕರೆಸಿಕೊಂಡ ಒಂದು ವಿಚಿತ್ರ ಮಿದುಳಿನ ಉರಿಯೂತ ಯುರೋಪಿನಲ್ಲೆಲ್ಲ ಹರಡಿತ್ತು. ಬದುಕಿ ಉಳಿದವರಲ್ಲಿ ಎಷ್ಟೋ ಜನ ವರ್ಷಗಳ ನಂತರ ಹೀಗೇ ಬಿಗಿದುಕೊಂಡು, ನಡುಗುತ್ತ ಆಸ್ಪತ್ರೆ ಸೇರಿದ್ರು. ಈಗ ಸೋಂಕು ಏನೂ ಇಲ್ಲ. ಬರೀ ಮಾತ್ರೆ ಅದೇ ರೂಪವನ್ನ ತಂದಿಟ್ಟಿತ್ತು. ಸ್ಟೆಕ್ ಇದನ್ನ ಬರೆದು ಪ್ರಕಟಿಸಿದ್ರು.

ಅವರು ಹೆಸರಿಸಿದ ಎರಡು ಔಷಧಿಗಳು ಲಾರ್ಗ್ಯಾಕ್ಟಿಲ್ ಮತ್ತು ಸರ್ಪಾಸಿಲ್. ಈ ಎರಡನೇ ಹೆಸರಿನ ಮೊದಲ ಮೂರಕ್ಷರ ಗಮನಿಸಿ. ಹೌದು, ಅದು ನಮ್ಮ ಸರ್ಪಗಂಧದಿಂದಲೇ ಬಂದದ್ದು.

ಸರ್ಪಗಂಧ ಮೊಣಕಾಲೆತ್ತರ ಬೆಳೆಯೋ ಒಂದು ಪುಟ್ಟ ಗಿಡ. ಬಿಳಿ-ಗುಲಾಬಿ ಹೂವು, ಹಾವಿನ ಥರ ಅಂಕುಡೊಂಕಾದ ಬೇರು. ಪಶ್ಚಿಮ ಘಟ್ಟದ ತಪ್ಪಲಲ್ಲೂ ಬೆಳೆಯುತ್ತೆ, ಹಿಮಾಲಯದ ಬುಡದಲ್ಲೂ ಬೆಳೆಯುತ್ತೆ. ನಿದ್ದೆ ಬಾರದವರಿಗೆ, ಹುಚ್ಚು ಕೆರಳಿದವರಿಗೆ ಇದರ ಬೇರಿನ ಪುಡಿ ಕೊಡೋದು ದೇಶದ ಹಲವು ಕಡೆ ತಲೆಮಾರುಗಳಿಂದ ನಡೆದುಬಂದಿತ್ತು. ಹಾವು ಕಚ್ಚಿದವರಿಗೂ ಕೊಡ್ತಿದ್ರು. 1931ರ ಸುಮಾರಿಗೆ ಬಂಗಾಳದ ಇಬ್ಬರು ವೈದ್ಯರು, ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್, ಈ ಬೇರು ಉನ್ಮಾದಕ್ಕೂ ಏರಿದ ರಕ್ತದೊತ್ತಡಕ್ಕೂ ಕೆಲಸ ಮಾಡುತ್ತೆ ಅಂತ ಒಂದು ಭಾರತೀಯ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ್ರು. ಅದೇ ಹೊತ್ತಿಗೆ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಈ ಬೇರಿನಿಂದ ಕೆಲವು ರಾಸಾಯನಿಕಗಳನ್ನ ಬೇರ್ಪಡಿಸಿದ್ರು. ಒಂದಕ್ಕೆ ತಮ್ಮ ಗುರುವಿನಂತಿದ್ದ ಹಕೀಂ ಅಜ್ಮಲ್ ಖಾನರ ಹೆಸರಿಟ್ಟು ಅಜ್ಮಲೈನ್ ಅಂದ್ರು. 1949ರಲ್ಲಿ ಮುಂಬೈನ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಇದನ್ನ ಬಿಪಿ ರೋಗಿಗಳಿಗೆ ಕೊಟ್ಟ ಅನುಭವವನ್ನ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಹೊರಗಿನವರ ಕಣ್ಣು ತೆರೀತು. 1952ರಲ್ಲಿ ಬಾಸೆಲ್‌ನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಮುಖ್ಯ ಸತ್ವವನ್ನ ಬೇರ್ಪಡಿಸಿ ರಿಸರ್ಪಿನ್ ಅಂದ್ರು. ಅದರ ಮಾರುಕಟ್ಟೆ ಹೆಸರು ಸರ್ಪಾಸಿಲ್.

ಲಾಭ ಬಾಸೆಲ್‌ಗೆ ಹೋಯ್ತು ಅನ್ನೋದು ಬೇರೆ ಎಪಿಸೋಡಿನ ಜಗಳ, ಇವತ್ತು ಬೇಡ. ನಮಗೆ ಬೇಕಾಗಿರೋದು ಇಷ್ಟು: ಪುಡಿಯಾಗಿದ್ದಾಗ ಬೇರಿನಲ್ಲಿ ಹತ್ತಾರು ಅಂಶ ಸೇರಿಕೊಂಡಿದ್ದವು. ಈಗ ಒಂದೇ ಅಂಶ, ಶುದ್ಧ ರೂಪದಲ್ಲಿ, ಹುಚ್ಚಾಸ್ಪತ್ರೆಯ ದೊಡ್ಡ ಡೋಸಿನಲ್ಲಿ, ತಿಂಗಳುಗಟ್ಟಲೆ ದೇಹಕ್ಕೆ ಹೋಗ್ತಿತ್ತು. ಆಗ ನಡುಕ ಎದ್ದು ಕಾಣೋಕೆ ಶುರುವಾಯ್ತು. "ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ ಬಿಡಿ" ಅನ್ನೋರಿಗೆ ಈ ಕಥೆಯನ್ನ ಫಾರ್ವರ್ಡ್ ಮಾಡಬಹುದು.

ಇನ್ನೊಂದು ಔಷಧಿ ಲಾರ್ಗ್ಯಾಕ್ಟಿಲ್, ಅಂದ್ರೆ ಕ್ಲೋರ್‌ಪ್ರೊಮಝೈನ್. 1950ರ ಡಿಸೆಂಬರ್‌ನಲ್ಲಿ ಫ್ರಾನ್ಸಿನಲ್ಲಿ ತಯಾರಾಯ್ತು. ಆಪರೇಷನ್ ವೇಳೆ ರೋಗಿಗಳನ್ನ ಶಾಂತವಾಗಿಡೋಕೆ ಅಂತ ಆನ್ರಿ ಲಾಬೊರಿ ಅನ್ನೋ ಸರ್ಜನ್ ಬಳಸಿದ್ರು. 1952ರಲ್ಲಿ ಪ್ಯಾರಿಸ್‌ನ ಸೇಂಟ್ ಆನ್ ಆಸ್ಪತ್ರೆಯಲ್ಲಿ ದಲೆ ಮತ್ತು ದೆನಿಕೆರ್ ಅನ್ನೋ ಮನೋವೈದ್ಯರು ಅದನ್ನ ಸ್ಕಿಜೋಫ್ರೇನಿಯಾ, ಉನ್ಮಾದದ ರೋಗಿಗಳಿಗೆ ಕೊಟ್ರು. ಅದಕ್ಕೂ ಮುಂಚಿನ ವಾರ್ಡುಗಳನ್ನ ಸ್ವಲ್ಪ ಕಲ್ಪಿಸಿಕೊಳ್ಳಿ. ಕಟ್ಟಿಹಾಕೋದು, ಇನ್ಸುಲಿನ್ ಕೊಟ್ಟು ಕೋಮಾಕ್ಕೆ ಕಳಿಸೋದು, ತಲೆಬುರುಡೆ ಕೊರೆದು ಮಿದುಳಿನ ಎಳೆ ಕತ್ತರಿಸೋದು. ಈ ಕತ್ತರಿಸೋ ಚಿಕಿತ್ಸೆಗೆ 1949ರಲ್ಲಿ ನೊಬೆಲ್ ಕೂಡ ಸಿಕ್ಕಿತ್ತು! ಇಂಥ ಕಡೆ ಒಂದು ಮಾತ್ರೆಯಿಂದ ಮನುಷ್ಯ ಮಾತಾಡೋಕೆ ಶುರು ಮಾಡಿದ್ರೆ, ಊಟಕ್ಕೆ ತಾನೇ ಎದ್ದು ಬಂದ್ರೆ, ಕೈ ಸ್ವಲ್ಪ ನಡುಗೋದನ್ನ ಯಾರು ತಲೆಗೆ ಹಚ್ಚಿಕೊಳ್ತಾರೆ? ವೈದ್ಯರನ್ನ ಪೂರ್ತಿ ಬೈಯೋಕೂ ಆಗಲ್ಲ.

ಆದರೆ ಮುಂದಿನ ಹೆಜ್ಜೆಗೆ ಬೈಯಬಹುದು ಅಂತ ನನಗನ್ಸುತ್ತೆ. ನಡುಕವನ್ನ ಸಹಿಸಿಕೊಳ್ಳೋದರಿಂದ ಶುರುವಾಗಿ, ನಡುಕ ಬಂದ್ರೇನೇ ಔಷಧಿ ನಾಟಿದೆ ಅಂತ ನಂಬೋ ಹಂತಕ್ಕೆ ಹೋದ್ರು. ಜರ್ಮನಿಯ ಹಾಸೆ ಅನ್ನೋ ಮನೋವೈದ್ಯರು ಇದಕ್ಕೊಂದು ಪರೀಕ್ಷೆಯನ್ನೇ ಮಾಡಿದ್ರು. ರೋಗಿಗೆ ಕಾಗದ, ಪೆನ್ನು ಕೊಟ್ಟು ಬರೆಸೋದು. ಡೋಸ್ ಏರಿಸ್ತಾ ಹೋಗೋದು, ದಿನದಿಂದ ದಿನಕ್ಕೆ ಅಕ್ಷರ ಹೋಲಿಸೋದು. ಅಕ್ಷರ ಚಿಕ್ಕದಾಗ್ತಾ, ಬಿಗಿಯಾಗ್ತಾ ಬಂತು ಅಂದ್ರೆ ಆ ಡೋಸ್ ಕೆಲಸ ಮಾಡೋ ಗಡಿ ಮುಟ್ಟಿದೆ ಅಂತ ಲೆಕ್ಕ. ಹಾಸೆ ಅವರ ಉದ್ದೇಶಕ್ಕೆ ನ್ಯಾಯ ಒದಗಿಸಬೇಕು. ಕಣ್ಣಿಗೆ ಕಾಣೋ ದೊಡ್ಡ ನಡುಕ ಬರೋಕೆ ಮುಂಚೆ, ಅಕ್ಷರದಲ್ಲಿ ಸಣ್ಣ ಸುಳಿವು ಸಿಕ್ಕಿದ ಕೂಡಲೇ ಡೋಸ್ ಏರಿಸೋದನ್ನ ನಿಲ್ಲಿಸಿ ಅನ್ನೋದೂ ಅದರಲ್ಲಿತ್ತು. ವಾರ್ಡುಗಳಲ್ಲಿ ಬೇರೂರಿದ್ದು ಮಾತ್ರ ಇನ್ನೊಂದು ಪಾಠ: ಕೈ ನಡುಗದಿದ್ರೆ ಡೋಸ್ ಸಾಲದು. ರೋಗಿಯ ಕೈ ಡಾಕ್ಟ್ರಿಗೆ ಮೀಟರ್ ಆಯ್ತು. ಆ ಕೈಯಲ್ಲಿ ಚಮಚ ಹಿಡಿಯಬೇಕಾದವರ ಕಷ್ಟ ಯಾವ ಲೆಕ್ಕಕ್ಕೂ ಬರಲಿಲ್ಲ.

ಈಗ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯಕ್ಕೆ ಹೋಗೋಣ. ಅಲ್ಲಿ ಆರ್ವಿಡ್ ಕಾರ್ಲ್‌ಸನ್ ಅನ್ನೋ ವಿಜ್ಞಾನಿಗೆ ರಿಸರ್ಪಿನ್ ಮಿದುಳಿನಲ್ಲಿ ಏನು ಮಾಡುತ್ತೆ ಅಂತ ತಿಳಿಯಬೇಕಿತ್ತು. ಮೊಲಗಳಿಗೆ ರಿಸರ್ಪಿನ್ ಕೊಟ್ರು. ಅವು ಮುದುಡಿಕೊಂಡು ಕೂತಲ್ಲೇ ಕೂತವು, ಅಲುಗಾಟವೇ ಇಲ್ಲ. ಆಮೇಲೆ ಎಲ್-ಡೋಪಾ ಅನ್ನೋ ರಾಸಾಯನಿಕ ಚುಚ್ಚಿದ್ರು. ಸ್ವಲ್ಪ ಹೊತ್ತಿಗೆ ಅದೇ ಮೊಲಗಳು ಎದ್ದು ಓಡಾಡೋಕೆ ಶುರು ಮಾಡಿದವು! 1957ರಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಬಂತು. ಎಲ್-ಡೋಪಾ ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತೆ ಅಂತ ಮುಂದಿನ ಪ್ರಯೋಗಗಳು ತೋರಿಸಿದವು. ಅಲ್ಲಿವರೆಗೆ ಡೋಪಮಿನ್ ಅಂದ್ರೆ ಬೇರೆ ರಾಸಾಯನಿಕ ತಯಾರಾಗೋ ದಾರಿಯ ಮಧ್ಯದ ಒಂದು ಸ್ಟಾಪ್ ಅಷ್ಟೇ ಅಂದುಕೊಂಡಿದ್ರು. ರಿಸರ್ಪಿನ್ ಮಿದುಳಿನ ಡೋಪಮಿನ್ ದಾಸ್ತಾನು ಖಾಲಿ ಮಾಡ್ತಿತ್ತು. ನಡುಕ, ಬಿಗಿತ, ನಿಧಾನ ಎಲ್ಲ ಅದರಿಂದ.

ಇವತ್ತು ರೀಲ್ಸ್ ನೋಡೋವಾಗಲೂ ಡೋಪಮಿನ್ ಡೋಪಮಿನ್ ಅಂತ ಮಾತಾಡ್ತೀವಲ್ಲ, ಅದು ಮಿದುಳಿನಲ್ಲಿ ಸ್ವಂತ ಕೆಲಸ ಮಾಡುತ್ತೆ ಅಂತ ಗೊತ್ತಾಗಿದ್ದು ಹೀಗೆ, ಸರ್ಪಗಂಧದ ಸತ್ವ ಕೊಟ್ಟ ಮೊಲಗಳಿಂದ. ಸುದ್ದಿ ಕೇಳಿ ಎಲ್ಲರೂ ಚಪ್ಪಾಳೆ ಹೊಡೆಯಲಿಲ್ಲ. 1960ರಲ್ಲಿ ಲಂಡನ್ನಿನ ಒಂದು ಸಭೆಯಲ್ಲಿ ದೊಡ್ಡ ದೊಡ್ಡ ತಜ್ಞರೇ ಕಾರ್ಲ್‌ಸನ್ ಮಾತನ್ನ ಅನುಮಾನದಿಂದ ನೋಡಿದ್ರು. ಅದೇ ವರ್ಷ ವಿಯೆನ್ನಾದಲ್ಲಿ ಹಾರ್ನಿಕೀವಿಚ್ ಮತ್ತು ಸಂಗಡಿಗರು ಪಾರ್ಕಿನ್ಸನ್ ರೋಗದಿಂದ ತೀರಿಕೊಂಡವರ ಮಿದುಳು ಪರೀಕ್ಷಿಸಿ, ಅಲ್ಲಿ ಡೋಪಮಿನ್ ತೀರಾ ಕಮ್ಮಿ ಅಂತ ತೋರಿಸಿದ್ರು. 1961ರಲ್ಲಿ ರೋಗಿಗಳಿಗೆ ಎಲ್-ಡೋಪಾ ಚುಚ್ಚಿದಾಗ ಹಾಸಿಗೆ ಹಿಡಿದವರು ಎದ್ದು ನಡೆದ್ರು. 1967ರಲ್ಲಿ ಅಮೆರಿಕದ ಕಾಟ್ಜಿಯಾಸ್ ಅದನ್ನ ನುಂಗೋ ಔಷಧಿಯಾಗಿ, ನಿಧಾನವಾಗಿ ಡೋಸ್ ಏರಿಸ್ತಾ ಕೊಡೋದು ಹೇಗೆ ಅಂತ ಸಾಧಿಸಿದ್ರು. ಕಾರ್ಲ್‌ಸನ್‌ಗೆ ನೊಬೆಲ್ ಬಂದಿದ್ದು 2000ದಲ್ಲಿ.

ಮಧ್ಯೆ ಒಂದು ಚಿಕ್ಕ ಮಾತು. ನಮ್ಮ ಬೇಲಿಗಳಲ್ಲಿ ಬೆಳೆಯೋ ನಸುಗುನ್ನಿ ಗೊತ್ತಲ್ಲ, ಸೋಕಿದ್ರೆ ಮೈಯೆಲ್ಲ ಕೆರೆತ ಬರಿಸುತ್ತಲ್ಲ, ಅದರ ಬೀಜದಲ್ಲಿ ಎಲ್-ಡೋಪಾ ಇದೆ. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಅನ್ನೋ ಮದ್ರಾಸಿನ ವಿಜ್ಞಾನಿಗಳು ಅದನ್ನ ಬೇರ್ಪಡಿಸಿ ತೋರಿಸಿದ್ರು. ಹಾಗಾದ್ರೆ ನಡುಕ ತಂದ ಗಿಡವೂ ನಮ್ಮದೇ, ಬಿಡಿಸೋ ಬಳ್ಳಿಯೂ ನಮ್ಮದೇ. ಹಾಗಂತ ಯಾರೂ ನಸುಗುನ್ನಿ ಬೀಜ ಹುರಿದು ತಿನ್ನೋಕೆ ಹೋಗಬೇಡಿ. ಒಂದು ಬೀಜದಲ್ಲಿ ಎಷ್ಟಿದೆ ಅಂತ ಅಳತೆ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಮಾತ್ರೆಯಿಂದ ಬಂದ ಎಲ್ಲ ನಡುಕಕ್ಕೂ ಎಲ್-ಡೋಪಾ ಮದ್ದಲ್ಲ.

ಯಾಕೆ ಅಂದ್ರೆ, ಲಾರ್ಗ್ಯಾಕ್ಟಿಲ್ ನಡುಕ ತರೋ ರೀತಿ ಬೇರೆ. ರೇಷನ್ ಅಂಗಡಿ ನೆನಪಿಸಿಕೊಳ್ಳಿ. ರಿಸರ್ಪಿನ್ ಗೋದಾಮನ್ನೇ ಖಾಲಿ ಮಾಡುತ್ತೆ, ಹಾಗಾಗಿ ಹೊಸ ಮೂಟೆ ತಂದು ಇಳಿಸಿದ್ರೆ ಅಂಗಡಿ ನಡೆಯುತ್ತೆ. ಲಾರ್ಗ್ಯಾಕ್ಟಿಲ್ ಮತ್ತು ಅದರ ನಂತರ ಬಂದ ಹ್ಯಾಲೋಪೆರಿಡಾಲ್ ಥರದವು ಗೋದಾಮು ಮುಟ್ಟೋದೇ ಇಲ್ಲ, ಜನ ಬರೋ ಬಾಗಿಲಿಗೆ ಬೀಗ ಹಾಕ್ತವೆ. ಎಷ್ಟು ಮೂಟೆ ಇಳಿಸಿದ್ರೂ ಹೊರಗೆ ಹೋಗಲ್ಲ. ಮೇಲಾಗಿ ಡೋಪಮಿನ್ ಜಾಸ್ತಿ ಮಾಡಿದ್ರೆ ಯಾವ ಮಾನಸಿಕ ಕಾಯಿಲೆಗೆ ಔಷಧಿ ಕೊಡ್ತಿದ್ದೀವೋ ಅದೇ ಕೆರಳಬಹುದು.

ಹಾಗಾಗಿ ವೈದ್ಯರು ಬೇರೆ ದಾರಿ ಹಿಡಿದ್ರು. ಪಾರ್ಕಿನ್ಸನ್ ನಡುಕಕ್ಕೆ 19ನೇ ಶತಮಾನದಲ್ಲೇ ಬೆಲ್ಲಡೋನ ಗಿಡದ ಸತ್ವ ಕೊಡೋ ಪದ್ಧತಿ ಇತ್ತು. ಅದೇ ಜಾತಿಯ ಪರಿಣಾಮ ಇರೋ ಟ್ರೈಹೆಕ್ಸಿಫೆನಿಡಿಲ್ ಅನ್ನೋ ಮಾತ್ರೆ 1949ರ ಹೊತ್ತಿಗೆ ಬಂದಿತ್ತು. ನಮ್ಮಲ್ಲಿ ಪ್ಯಾಸಿಟೇನ್ ಹೆಸರಲ್ಲಿ ಮನೋವೈದ್ಯರ ಚೀಟಿಯಲ್ಲಿ ಇವತ್ತಿಗೂ ಕಾಣುತ್ತೆ. ಇದು ನಡುಕ, ಬಿಗಿತ ಕಮ್ಮಿ ಮಾಡುತ್ತೆ. ಎಷ್ಟೋ ಜನಕ್ಕೆ ನಿಜಕ್ಕೂ ಉಪಕಾರ ಮಾಡಿದೆ. ಸಮಸ್ಯೆ ಆಗಿದ್ದು ಅಭ್ಯಾಸದಲ್ಲಿ. ನಡುಕ ಬಂದವರಿಗೆ ಕೊಡೋ ಬದಲು, ಬರಬಹುದು ಅಂತ ಎಲ್ಲರಿಗೂ ಮೊದಲ ದಿನದಿಂದಲೇ ಜೊತೆಗೆ ಬರೆದುಕೊಡೋದು, ಆಮೇಲೆ ನಿಲ್ಲಿಸೋದನ್ನ ಮರೆಯೋದು. ಈ ಮಾತ್ರೆಗೂ ಅದರದ್ದೇ ಬೆಲೆ ಇದೆ: ಬಾಯಿ ಒಣಗುತ್ತೆ, ಮಲಬದ್ಧತೆ, ಕಣ್ಣು ಮಂಜು, ಓದಿದ್ದು ನೆನಪಿರಲ್ಲ. ವಯಸ್ಸಾದವರಿಗೆ ದಿಕ್ಕುತಪ್ಪಿದ ಹಾಗೆ ಆಗೋದೂ ಉಂಟು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಹೇಳಿಕೆ ಹೊರಡಿಸಿ, ಮುಂಜಾಗ್ರತೆ ಅಂತ ಇದನ್ನ ಎಲ್ಲರಿಗೂ ವಾಡಿಕೆಯಾಗಿ ಕೊಡೋದು ಬೇಡ ಅಂದಿತು.

ಹಾಗಾದ್ರೆ ನಡುಕ ಇಲ್ಲದೆ ಕಾಯಿಲೆ ಹಿಡಿತಕ್ಕೆ ಬರಲ್ವಾ? ಇದಕ್ಕೆ ಉತ್ತರ ಎರಡು ಕಡೆಯಿಂದ ಬಂತು. ಕ್ಲೋಝಪಿನ್ ಅನ್ನೋ ಔಷಧಿ ನಡುಕವನ್ನ ಹೆಚ್ಚುಕಮ್ಮಿ ತರ್ತಿರಲಿಲ್ಲ. ತಮಾಷೆ ನೋಡಿ, ಅದೇ ಕಾರಣಕ್ಕೆ ಶುರುವಿನಲ್ಲಿ ಇದು ಕೆಲಸ ಮಾಡೋ ಔಷಧಿಯೇ ಅಲ್ಲ ಅಂತ ಅನುಮಾನಪಟ್ಟವರಿದ್ರು. ಅದಕ್ಕೆ ಬೇರೆ ಅಪಾಯ ಇತ್ತು, ರಕ್ತದ ಬಿಳಿಕಣ ಕುಸಿಯೋದು. 1975ರಲ್ಲಿ ಫಿನ್ಲೆಂಡಿನಲ್ಲಿ ಹೀಗೆ ಸಾವುಗಳೂ ಆದವು. ಆದರೂ ಬೇರೆ ಯಾವ ಔಷಧಿಗೂ ಜಗ್ಗದ ರೋಗಿಗಳಲ್ಲಿ ಅದು ಕೆಲಸ ಮಾಡುತ್ತೆ ಅಂತ 1988ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. ಇನ್ನೊಂದು ಕಡೆ ಸ್ಟಾಕ್‌ಹೋಮ್‌ನಲ್ಲಿ ಲಾರ್ಸ್ ಫಾರ್ಡೆ ಅವರ ತಂಡ, ಔಷಧಿ ತಗೊಳ್ತಿರೋರ ಮಿದುಳಿನ ಪೆಟ್ ಸ್ಕ್ಯಾನ್ ತೆಗೆದು ಎಷ್ಟು ಬಾಗಿಲಿಗೆ ಬೀಗ ಬಿದ್ದಿದೆ ಅಂತ ಎಣಿಸಿತು. ಇಂಥ ಅಧ್ಯಯನಗಳಿಂದ ಸಿಕ್ಕ ಲೆಕ್ಕ ಸುಮಾರು ಹೀಗಿದೆ: 100 ಬಾಗಿಲಲ್ಲಿ 65-70ಕ್ಕೆ ಬೀಗ ಬಿದ್ರೆ ಕಾಯಿಲೆಗೆ ಸಾಕು. 80 ದಾಟಿದ್ರೆ ನಡುಕ, ಬಿಗಿತ ಶುರು. ಮಧ್ಯೆ ಒಂದು ಸಂದು ಇದೆ. ಮೂವತ್ತು ವರ್ಷ "ನಡುಗಿದ್ರೆ ಮಾತ್ರ ಗುಣ" ಅಂತ ಡೋಸ್ ಏರಿಸಿದ್ದು ಎಷ್ಟೋ ಜನರ ಮಟ್ಟಿಗೆ ಆ ಸಂದನ್ನ ಸುಮ್ಮನೆ ದಾಟಿಹೋಗಿದ್ದು.

ಇನ್ನು ಲಿಥಿಯಂ. ಫೋನ್ ಬ್ಯಾಟರಿಯಲ್ಲಿರೋ ಅದೇ ಲಿಥಿಯಂ, ಲವಣದ ರೂಪದಲ್ಲಿ ಬೈಪೋಲಾರ್ ಕಾಯಿಲೆಗೆ ಔಷಧಿ. ಇದರ ನಡುಕದ ಕಥೆಯಲ್ಲಿ ಒಂದು ಸಾವಿದೆ.

1949ರಲ್ಲಿ ಮೆಲ್ಬರ್ನ್ ಹತ್ತಿರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಜಾನ್ ಕೇಡ್ ಅನ್ನೋ ಮನೋವೈದ್ಯರು, ಹಳೇ ಅಡುಗೆ ಸಾಮಾನಿನ ಕೋಣೆಯನ್ನೇ ಲ್ಯಾಬ್ ಮಾಡಿಕೊಂಡು, ಗಿನಿಯಿಲಿಗಳ ಮೇಲೆ ನೋಡಿ, ಉನ್ಮಾದದ 10 ರೋಗಿಗಳಿಗೆ ಲಿಥಿಯಂ ಕೊಟ್ಟು ಫಲಿತಾಂಶ ಪ್ರಕಟಿಸಿದ್ರು. ವರ್ಷಗಟ್ಟಲೆ ವಾರ್ಡಿನಲ್ಲಿದ್ದ ಮೊದಲ ರೋಗಿ ಸುಧಾರಿಸಿ ಮನೆಗೇ ಹೋದ್ರು. ಆದರೆ 1950ರಲ್ಲಿ ಅದೇ ವ್ಯಕ್ತಿ ಮೈಯಲ್ಲಿ ಲಿಥಿಯಂ ಹೆಚ್ಚಾಗಿ ವಿಷವೇರಿ ತೀರಿಕೊಂಡ್ರು. ಅಮೆರಿಕದಲ್ಲಿ ಅದೇ ಸಮಯಕ್ಕೆ, ಬಿಪಿ ಇರೋರಿಗೆ ಉಪ್ಪಿನ ಬದಲು ಅಂತ ಲಿಥಿಯಂ ಲವಣ ಮಾರಿ ಜನ ಸತ್ತಿದ್ರು. ಗುಣ ಮಾಡೋ ಡೋಸಿಗೂ ಕೊಲ್ಲೋ ಡೋಸಿಗೂ ಅಂತರ ಅಷ್ಟು ಕಮ್ಮಿ.

ಇದನ್ನ ಉಳಿಸಿದ್ದು ರಕ್ತಪರೀಕ್ಷೆ. ಮೆಲ್ಬರ್ನ್‌ನಲ್ಲೇ ಟ್ರಾಟ್ನರ್ ಮತ್ತು ಸಂಗಡಿಗರು 1951ರ ಹೊತ್ತಿಗೆ ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಅಳೆದು ಕೊಡೋ ಕ್ರಮ ರೂಢಿಸಿದ್ರು. 1954ರಿಂದ ಡೆನ್ಮಾರ್ಕಿನ ಮೊಗೆನ್ಸ್ ಶೌ ಅದನ್ನ ಮುಂದಕ್ಕೆ ಒಯ್ದರು. ಇವತ್ತು ಸಾಮಾನ್ಯವಾಗಿ ಲೀಟರ್ ರಕ್ತದ್ರವಕ್ಕೆ 0.6ರಿಂದ 1.0 ಮಿಲಿಮೋಲ್ ಒಳಗೆ ಇಟ್ಟುಕೊಳ್ತಾರೆ. ಕೊನೇ ಡೋಸಾಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ಬೆಳಗ್ಗೆ ಮಾತ್ರೆ ನುಂಗಿ ನೇರ ಲ್ಯಾಬಿಗೆ ಹೋದ್ರೆ ಲೆಕ್ಕ ತಪ್ಪುತ್ತೆ.

ಈ ಮಿತಿಯೊಳಗಿದ್ದಾಗಲೂ ಲಿಥಿಯಂ ತಗೊಳ್ಳೋ ಹಲವರಿಗೆ ಬೆರಳಲ್ಲಿ ಸಣ್ಣ, ವೇಗದ ನಡುಕ ಇರುತ್ತೆ. ಕೈ ಚಾಚಿದಾಗ, ಸೂಜಿಗೆ ದಾರ ಪೋಣಿಸುವಾಗ ಕಾಣುತ್ತೆ. ಇದು ಕಿರಿಕಿರಿ, ಆದರೆ ಅಪಾಯ ಅಲ್ಲ. ಅದೇ ನಡುಕ ದೊಡ್ಡದಾಗಿ, ಒರಟಾಗಿ, ಜೊತೆಗೆ ವಾಂತಿ, ಭೇದಿ, ತೊದಲು ಮಾತು, ತೂರಾಡೋ ನಡಿಗೆ ಬಂದ್ರೆ ಅದು ವಿಷ ಏರ್ತಿರೋ ಲಕ್ಷಣ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೇಸಿಗೆಯಲ್ಲಿ ಬೆವರಿ ನೀರು ಕಮ್ಮಿಯಾದ್ರೆ, ಭೇದಿಯಾದ್ರೆ, ಮೈಕೈ ನೋವಿಗೆ ಅಂತ ಮೆಡಿಕಲ್ ಶಾಪಿಂದ ಐಬುಪ್ರೊಫೆನ್ ತಂದು ನುಂಗಿದ್ರೆ ರಕ್ತದಲ್ಲಿ ಲಿಥಿಯಂ ಏರುತ್ತೆ. ಈ ಒಂದು ವಾಕ್ಯ ಲಿಥಿಯಂ ತಗೊಳ್ಳೋ ಪ್ರತಿಯೊಬ್ಬರ ಮನೆಯವರಿಗೂ ಗೊತ್ತಿರಬೇಕು.

ಮತ್ತೆ ಕಾಫಿ! ಕಾಫಿ ಈ ಸಣ್ಣ ನಡುಕವನ್ನ ಜಾಸ್ತಿ ಮಾಡುತ್ತೆ. ಸರಿ, ಇವತ್ತಿಂದಲೇ ಬಂದ್ ಅಂತ ದಿನಕ್ಕೆ ಐದು ಲೋಟ ಕುಡಿಯೋರು ಒಮ್ಮೆಲೇ ನಿಲ್ಲಿಸಿದ್ರೆ ಏನಾಗುತ್ತೆ ಗೊತ್ತಾ? ಕಾಫಿ ಮೂತ್ರದ ಮೂಲಕ ಲಿಥಿಯಂ ಹೊರಹಾಕಿಸ್ತಿರುತ್ತೆ. ಅದು ನಿಂತ್ರೆ ರಕ್ತದಲ್ಲಿ ಲಿಥಿಯಂ ಏರಬಹುದು, ನಡುಕವೂ ಏರಬಹುದು. ನಿಧಾನಕ್ಕೆ, ಡಾಕ್ಟ್ರಿಗೆ ಹೇಳಿಯೇ ಕಮ್ಮಿ ಮಾಡಬೇಕು. ಫಿಲ್ಟರ್ ಕಾಫಿ ನಾಡಿನವರಿಗೆ ಇದು ಬೇಕಾದ ಮಾಹಿತಿ ಅಂತ ಸೇರಿಸಿದೆ.

ಈ ಸಣ್ಣ ನಡುಕಕ್ಕೆ ಮದ್ದು ಸಿಕ್ಕಿದ್ದು ಹೃದಯದ ಕಡೆಯಿಂದ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಎದೆನೋವಿಗೆ ಅಂತ ರೂಪಿಸಿದ ಪ್ರೊಪ್ರನಲಾಲ್ 1960ರ ದಶಕದಲ್ಲಿ ಬಂತು. ಅಡ್ರಿನಲಿನ್‌ನ ಸಂದೇಶ ತಡೆಯೋದು ಅದರ ಕೆಲಸ. 1972ರಲ್ಲಿ ಶೌ ಮತ್ತು ಇಬ್ಬರು ಸಹೋದ್ಯೋಗಿಗಳು ಲಿಥಿಯಂ ನಡುಕಕ್ಕೆ ಅದರ ಬಳಕೆ ಬಗ್ಗೆ ಲ್ಯಾನ್ಸೆಟ್‌ನಲ್ಲಿ ಬರೆದ್ರು. ಇವತ್ತಿಗೂ ಅದೇ ಮೊದಲ ಆಯ್ಕೆಗಳಲ್ಲಿ ಒಂದು. ಆದರೆ ಅಸ್ತಮಾ ಇರೋರು ಇದನ್ನ ನುಂಗಿದ್ರೆ ಉಸಿರು ಕಟ್ಟಬಹುದು. ಅಸ್ತಮಾದವರಿಗೂ ಮಾತ್ರೆಯ ನಡುಕ ಗೊತ್ತು: 1969ರಲ್ಲಿ ಮಾರುಕಟ್ಟೆಗೆ ಬಂದ ಸಾಲ್ಬ್ಯುಟಮಾಲ್, ನಮ್ಮ ಆಸ್ತಾಲಿನ್, ಶ್ವಾಸನಾಳ ಬಿಡಿಸೋ ಜೊತೆಗೆ ಕೈಯ ಸ್ನಾಯುಗಳನ್ನೂ ಮುಟ್ಟುತ್ತೆ. ಅವರ ನಡುಕಕ್ಕೆ ಪ್ರೊಪ್ರನಲಾಲ್ ಸೇರಿಸೋ ಹಾಗಿಲ್ಲ. ಅಲ್ಲಿ ಪರಿಹಾರ ಬೇರೆ. ಸಿರಪ್, ಮಾತ್ರೆ ಬಿಟ್ಟು ಇನ್‌ಹೇಲರ್‌ಗೆ ಬಂದ್ರೆ ಅದರ ಒಂದು ಸಣ್ಣ ಪಾಲಿನಷ್ಟು ಔಷಧಿ ಸಾಕು, ಅದೂ ನೇರ ಎದೆಗೆ. ನಡುಕವೂ ಅಷ್ಟೇ ಕಮ್ಮಿ. "ಇನ್‌ಹೇಲರ್ ಅಂದ್ರೆ ಸ್ಟ್ರಾಂಗು, ಅಭ್ಯಾಸ ಆಗಿಬಿಡುತ್ತೆ" ಅಂತ ಮಕ್ಕಳಿಗೆ ಸಿರಪ್ಪನ್ನೇ ಕುಡಿಸೋ ಮನೆಗಳಲ್ಲಿ ಲೆಕ್ಕ ಉಲ್ಟಾ ಆಗಿದೆ.

ಇಷ್ಟೆಲ್ಲ ಕೇಳಿ "ನಮಗ್ಯಾಕಪ್ಪ, ನಾವು ಇಂಥ ಮಾತ್ರೆ ತಗೊಳಲ್ಲ" ಅಂದುಕೊಂಡ್ರಾ? ಮನೇಲಿ ಅಜ್ಜಿ ತಾತನ ಮಾತ್ರೆ ಡಬ್ಬ ತೆಗೆದು ನೋಡಿ. ಗ್ಯಾಸ್ಟ್ರಿಕ್‌ಗೆ ಅಂತ ಕೊಡೋ ಕೆಲವು ಕ್ಯಾಪ್ಸೂಲ್‌ಗಳಲ್ಲಿ ಆಮ್ಲ ತಡೆಯೋ ಔಷಧಿ ಜೊತೆ ಲೆವೋಸಲ್ಪಿರೈಡ್ ಸೇರಿಸಿರ್ತಾರೆ. ಅದು ಕ್ಲೋರ್‌ಪ್ರೊಮಝೈನ್ ಥರಾನೇ ಡೋಪಮಿನ್ ಬಾಗಿಲಿಗೆ ಬೀಗ ಹಾಕೋ ಔಷಧಿ. ವಾಂತಿಗೆ ಕೊಡೋ ಮೆಟೋಕ್ಲೋಪ್ರಮೈಡ್ ಕೂಡ ಹಾಗೇ. ತಲೆಸುತ್ತಿಗೆ ಸಿನ್ನರಿಝೈನ್, ಅರೆತಲೆನೋವಿಗೆ ಫ್ಲುನರಿಝೈನ್ ಕೊಡ್ತಾರೆ. ಇವೂ ಪಾರ್ಕಿನ್ಸನ್ ಥರದ ನಡುಕ ತರ್ತವೆ ಅಂತ ಸ್ಪೇನ್, ಅರ್ಜೆಂಟೀನಾದ ವೈದ್ಯರು 1980ರ ದಶಕದಲ್ಲೇ ಬರೆದಿದ್ದಾರೆ. ಫಿಟ್ಸ್‌ಗೆ ಕೊಡೋ ವಾಲ್‌ಪ್ರೋಯೇಟ್ ಕೂಡ, ಡೋಸ್ ಏರಿದ ಹಾಗೆ, ಕೈ ನಡುಗಿಸುತ್ತೆ.

ಆಗೋ ಎಡವಟ್ಟು ಹೀಗೆ. ಎರಡು ವಾರಕ್ಕೆ ಅಂತ ಬರೆದುಕೊಟ್ಟ ತಲೆಸುತ್ತಿನ ಮಾತ್ರೆಯನ್ನ ಹಳೇ ಚೀಟಿ ತೋರಿಸಿ ಎರಡು ವರ್ಷ ತರಿಸ್ತಾರೆ. ನಿಧಾನಕ್ಕೆ ನಡಿಗೆ ಚಿಕ್ಕದಾಗುತ್ತೆ, ಕೈ ನಡುಗುತ್ತೆ. "ವಯಸ್ಸಾಯ್ತಲ್ಲ" ಅಂತಾರೆ. ಇಲ್ಲಾಂದ್ರೆ ಪಾರ್ಕಿನ್ಸನ್ ಅಂತ ಹೆಸರು ಬಿದ್ದು ಅದಕ್ಕೆ ಇನ್ನೆರಡು ಮಾತ್ರೆ ಸೇರುತ್ತೆ. ಮೂಲ ಮಾತ್ರೆ ಹಾಗೇ ನಡೀತಿರುತ್ತೆ. ಕಾರಣ ಗುರುತಿಸಿ ಅದನ್ನ ಬಿಡಿಸಿದ್ರೆ ಹೆಚ್ಚಿನವರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ನಡುಕ ಇಳಿಯುತ್ತೆ. ಕೆಲವರಲ್ಲಿ ಇಳಿಯಲ್ಲ, ಒಳಗೇ ಅಡಗಿದ್ದ ನಿಜವಾದ ಪಾರ್ಕಿನ್ಸನ್ ಆಗ ಹೊರಗೆ ಬಂದಿರುತ್ತೆ.

ಡಾಕ್ಟ್ರ ಹತ್ರ ಹೋಗುವಾಗ ಏನು ಮಾಡಬಹುದು? ಡಬ್ಬದಲ್ಲಿರೋ ಎಲ್ಲ ಸ್ಟ್ರಿಪ್‌ಗಳನ್ನೂ ತಗೊಂಡು ಹೋಗಿ, ಗ್ಯಾಸ್ಟ್ರಿಕ್‌ದು, ನಾಟಿ ಔಷಧಿ, ಎಲ್ಲ. ಯಾವ ಮಾತ್ರೆ ಯಾವ ತಿಂಗಳು ಶುರುವಾಯ್ತು, ನಡುಕ ಯಾವಾಗ ಶುರುವಾಯ್ತು ಅಂತ ಬರೆದಿಟ್ಟುಕೊಳ್ಳಿ. ಫೋನ್ ಇದೆಯಲ್ಲ, ಲೋಟ ಹಿಡಿದಾಗಿನ ಒಂದು ವಿಡಿಯೋ, ಕೈ ತೊಡೆ ಮೇಲೆ ಸುಮ್ಮನೆ ಇಟ್ಟಾಗಿನ ಒಂದು ವಿಡಿಯೋ. ಈ ಎರಡರ ವ್ಯತ್ಯಾಸ ಡಾಕ್ಟ್ರಿಗೆ ತುಂಬಾ ಹೇಳುತ್ತೆ. ಹಾಸೆ ಅವರ ಕಾಗದ-ಪೆನ್ನಿನ ಪರೀಕ್ಷೆಯನ್ನ ನೀವೂ ಮಾಡಬಹುದು, ಈ ಸಲ ನಿಮಗೋಸ್ಕರ. ವಾರಕ್ಕೊಮ್ಮೆ ಒಂದೇ ವಾಕ್ಯ ಬರೆದು, ತಾರೀಖು ಹಾಕಿ ಇಟ್ಟುಕೊಳ್ಳೋದು. ಆಮೇಲೆ ಡೋಸ್ ಇಳಿಸಬೇಕೋ, ಹೊತ್ತು ಬದಲಿಸಬೇಕೋ, ಬೇರೆ ಔಷಧಿಗೆ ಹೋಗಬೇಕೋ, ಇನ್ನೊಂದು ಮಾತ್ರೆ ಸೇರಿಸಬೇಕೋ ಅಂತ ಡಾಕ್ಟ್ರು ತೀರ್ಮಾನಿಸ್ತಾರೆ. ಆದರೆ ಲಿಥಿಯಂ, ಫಿಟ್ಸ್ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆಗಳನ್ನ ನೀವೇ ದಿಢೀರ್ ನಿಲ್ಲಿಸೋದು ಮಾತ್ರ ಬೇಡ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. 2010ರಿಂದ ನಮ್ಮ ದೇಶದಲ್ಲಿ ಔಷಧಿಗಳ ಅಡ್ಡಪರಿಣಾಮ ದಾಖಲಿಸೋ ಸರ್ಕಾರಿ ಕಾರ್ಯಕ್ರಮ ಇದೆ. 1800-180-3024 ಟೋಲ್ ಫ್ರೀ ನಂಬರಿಗೆ ರೋಗಿಯೇ ಅಥವಾ ಮನೆಯವರೇ ಫೋನ್ ಮಾಡಿ, ಈ ಮಾತ್ರೆಯಿಂದ ಹೀಗಾಯ್ತು ಅಂತ ವರದಿ ಮಾಡಬಹುದು. 1954ರಲ್ಲಿ ಲೋಸಾನ್‌ನ ಆ ರೋಗಿಗಳ ಪರವಾಗಿ ಡಾಕ್ಟರ್ ಸ್ಟೆಕ್ ಬರೆಯಬೇಕಾಯ್ತು. ಈಗ ಆ ವರದಿಯನ್ನ ನೀವೇ ಕೊಡಬಹುದು.

ಇವತ್ತಿಗೆ ಇಷ್ಟು. ನಿಮ್ಮ ಮನೇಲಿ ಹೀಗೆ ಯಾವ ಮಾತ್ರೆಯಿಂದ ನಡುಕ ಬಂತು, ಡಾಕ್ಟ್ರು ಏನು ಬದಲಾಯಿಸಿದ್ರು ಅಂತ ವಾಯ್ಸ್ ನೋಟ್ ಕಳಿಸಿ. ಬಾಸೆಲ್ ಮತ್ತು ಸರ್ಪಗಂಧದ ಆ ಜಗಳವನ್ನ ಮುಂದೊಂದು ಎಪಿಸೋಡಿನಲ್ಲಿ ಬಿಡಿಸೋಣ.